ಅಪ್ಪನ ರೇಡಿಯೋ ಯಾಕೆ ನಿಲ್ಲುತ್ತಿತ್ತು

ಮೂರು ವಾರ. ಒಂದು ರಿಪೀಟರ್, ಒಂದು ಪ್ಲಾನ್ ಅಪ್‌ಗ್ರೇಡ್, ಕಸ್ಟಮರ್ ಕೇರಿಗೆ ಆರು ಫೋನು, ಬೆಂಗಳೂರು ಮೈಸೂರು ಮಧ್ಯೆ ಮೂರು ಓಡಾಟ. ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದೇನು ಅಂದರೆ ತಪ್ಪು ನನ್ನದೇ, ಅದೂ ನಾಲ್ಕು ವರ್ಷದ ಹಿಂದೆ ಮಾಡಿದ್ದು. ಬರೆದಿಡದಿದ್ದರೆ ಇನ್ನು ನಾಲ್ಕು ವರ್ಷಕ್ಕೆ ಮತ್ತೆ ಮರೆತು ಇದೇ ಹಳ್ಳಕ್ಕೆ ಬೀಳುತ್ತೇನೆ. ಅದಕ್ಕೇ ಈ ಪೋಸ್ಟು.

ಮೊದಲು ಮನೆ ಹೇಗಿದೆ ಅಂತ ಹೇಳಬೇಕು. ಅಪ್ಪ ಅಮ್ಮ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ರೈಲಿನ ಬೋಗಿಯ ಹಾಗೆ ಉದ್ದಕ್ಕೆ ಕಟ್ಟಿದ ಹಳೇ ಮನೆ. ಮುಂದೆ ಹಾಲು, ಮಧ್ಯೆ ದೇವರ ಮನೆ, ಅಡುಗೆಮನೆ, ಎಲ್ಲಕ್ಕಿಂತ ಹಿಂದೆ ಅಪ್ಪನ ಕೋಣೆ. ಎಲ್ಲ ಗೋಡೆಗಳೂ ಒಂಬತ್ತಿಂಚು. ಸಾಲದ್ದಕ್ಕೆ ದಾರಿಯಲ್ಲಿ ಒಂದು ಕಬ್ಬಿಣದ ಬೀರು, ಅದಕ್ಕೊಂದು ಆಳುದ್ದದ ಕನ್ನಡಿ. ಇಂಟರ್ನೆಟ್ಟಿನ ಫೈಬರ್ ಡಬ್ಬ ಇರುವುದು ಹಾಲಿನಲ್ಲಿ, ಟಿವಿ ಪಕ್ಕ. ಅಲ್ಲಿಂದ ಹೊರಟ ವೈಫೈ ಅಪ್ಪನ ಕೋಣೆ ತಲುಪುವ ಹೊತ್ತಿಗೆ ಜೀವ ಹೋಗಿರುತ್ತದೆ. ಫೋನಿನ ಆ್ಯಪ್‌ನಲ್ಲಿ ಅಳೆದರೆ ಮೈನಸ್ 79 ಡಿಬಿಎಂ. ಈ ಲೆಕ್ಕದಲ್ಲಿ ಸೊನ್ನೆಯ ಕಡೆಗೆ ಹೋದಷ್ಟೂ ಒಳ್ಳೆಯದು. ಮೈನಸ್ 50 ಅಂದರೆ ಭರ್ಜರಿ, ಮೈನಸ್ 65ರ ಆಸುಪಾಸು ಇದ್ದರೆ ಚಿಂತೆಯಿಲ್ಲ, 80 ಹತ್ತಿರ ಬಂದರೆ ದೇವರೇ ಗತಿ.

ಹಾಗಾಗಿ ನಾಲ್ಕು ವರ್ಷದ ಹಿಂದೆ ದಸರಾ ರಜೆಗೆ ಬಂದಿದ್ದಾಗ ಒಂದು ಕೆಲಸ ಮಾಡಿದ್ದೆ. ಬೆಂಗಳೂರಿನ ಮನೆಯಲ್ಲಿ ಸುಮ್ನೆ ಬಿದ್ದಿದ್ದ ಹಳೇ ರೂಟರನ್ನು ತಂದು, ಹಾಲಿನಿಂದ ಸೂರಿನಂಚಿನಲ್ಲಿ ಲ್ಯಾನ್ ಕೇಬಲ್ ಎಳೆದು, ಅಪ್ಪನ ಕೋಣೆಯಲ್ಲಿ ಪುಸ್ತಕದ ಕಪಾಟಿನ ಮೇಲೆ ಇಟ್ಟೆ. ಹಾಲಿನ ಡಬ್ಬದ ವೈಫೈಗೆ ಇದ್ದ ಹೆಸರು, ಪಾಸ್‌ವರ್ಡೇ ಇದಕ್ಕೂ. ಇದು ರೂಟರ್ ಕೆಲಸ ಮಾಡುವುದು ಬೇಡ, ಬರೀ ವೈಫೈ ಕೊಟ್ಟರೆ ಸಾಕು ಅಂತ ಒಳಗಿನ ಡಿಎಚ್‌ಸಿಪಿ ಆಫ್ ಮಾಡಿದೆ. ಮನೆಯ ಸಾಮಾನುಗಳಿಗೆಲ್ಲ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನೊಳಗಿನ ಮನೆ ನಂಬರು, ಹಂಚುವ ಕೆಲಸಕ್ಕೆ ಆ ಹೆಸರು. ಒಂದು ಮನೆಯಲ್ಲಿ ಹಂಚುವವರು ಒಬ್ಬರೇ ಇರಬೇಕು. ಅಷ್ಟು ಗೊತ್ತಿತ್ತಲ್ಲ ಅಂತ ಅವತ್ತು ನನಗೇ ಬಹಳ ಹೆಮ್ಮೆ.

ಇನ್ನು ಅಪ್ಪನ ರೇಡಿಯೋ. ಅಪ್ಪ ರಿಟೈರ್ಡ್ ಮೇಷ್ಟ್ರು. ಬೆಳಗ್ಗೆ ಆರಕ್ಕೆ ಕಾಫಿ ಹಿಡಿದು ಕೋಣೆಯಲ್ಲಿ ಕೂತರೆ ಒಂಬತ್ತರವರೆಗೂ ಕರ್ನಾಟಕ ಸಂಗೀತ. ಅವರಿಗೆ ಬೇಕಿರುವುದು ಬೆಂಗಳೂರು ಆಕಾಶವಾಣಿಯ ಅಮೃತವರ್ಷಿಣಿ. ಅದು 100.1 ಮೆಗಾಹರ್ಟ್ಸ್‌ನ ಎಫ್‌ಎಂ, ನೂರನಲವತ್ತು ಕಿಲೋಮೀಟರ್ ಆಚೆ ನಮ್ಮ ಮನೆಯ ಸೆಟ್ಟಿಗೆ ಸಿಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಆಕಾಶವಾಣಿಯ ಬೇರೆ ಕೇಂದ್ರಗಳ ಜೊತೆ ಇದೂ ಬರುತ್ತದೆ ಅಂತ ಗೊತ್ತಾದ ದಿನ ಅಪ್ಪನಿಗೆ ಆದ ಸಂತೋಷ ನೋಡಬೇಕಿತ್ತು. ಫೋನಿನಲ್ಲಿ ಹಾಕಿ ಬ್ಲೂಟೂತ್‌ನಲ್ಲಿ ಕೇಳಬಹುದಿತ್ತು, ಆದರೆ ಯಾರಾದರೂ ಫೋನ್ ಮಾಡಿದರೆ ಹಾಡು ನಿಲ್ಲುತ್ತದೆ, ಅಮ್ಮ ಫೋನ್ ತೆಗೆದುಕೊಂಡು ಮಹಡಿಗೆ ಹೋದರೂ ಹಾಡು ನಿಲ್ಲುತ್ತದೆ. ಹಾಗಾಗಿ ಒಂದು ರಾಸ್ಪ್‌ಬೆರಿ ಪೈ 3 ತಂದು ಅಪ್ಪನ ಹಳೇ ಆಂಪ್ಲಿಫೈಯರಿಗೆ ಜೋಡಿಸಿದೆ. ಅಂಗೈಯಷ್ಟು ದೊಡ್ಡ ಕಂಪ್ಯೂಟರು. 2016ರ ಮಾಡೆಲ್ಲು, ವೈಫೈ 2.4 ಗಿಗಾಹರ್ಟ್ಸ್ ಮಾತ್ರ, 5 ಇಲ್ಲ. ಸ್ವಿಚ್ ಹಾಕಿದರೆ ತಾನಾಗಿಯೇ ಸ್ಟೇಷನ್ ಹಿಡಿಯುತ್ತದೆ. ಅಪ್ಪ ಏನೂ ಒತ್ತಬೇಕಿಲ್ಲ.

ಮೂರೂವರೆ ವರ್ಷ ಗೊಣಗದೆ ಓಡಿತು. ಆಮೇಲೆ ಈ ಜುಲೈನಲ್ಲಿ ಒಂದು ದಿನ ಅಪ್ಪನ ಫೋನು.

"ಏನೋ ಇದು, ರೇಡಿಯೋ ಮಧ್ಯೆ ಮಧ್ಯೆ ನಿಂತುಹೋಗುತ್ತೆ. ತನಿ ಆವರ್ತನ ಶುರುವಾಗುತ್ತೆ, ಬರೋ ಹೊತ್ತಿಗೆ ಮಂಗಳ ಹಾಡ್ತಿರ್ತಾರೆ."

ನಾನು ಎಲ್ಲ ಮಕ್ಕಳೂ ಹೇಳುವುದನ್ನೇ ಹೇಳಿದೆ. ಆಫ್ ಮಾಡಿ ಆನ್ ಮಾಡಿ ನೋಡಿ ಅಪ್ಪ. ಎರಡು ದಿನ ಸರಿ ಇತ್ತಂತೆ. ಮತ್ತೆ ಶುರು. "1935ರಲ್ಲೇ ಗೋಪಾಲಸ್ವಾಮಿಗಳು ಇದೇ ಊರಲ್ಲಿ ರೇಡಿಯೋ ನಡೆಸಿದ್ರು, ತೊಂಬತ್ತು ವರ್ಷ ಆದ್ಮೇಲೆ ನಿಮ್ಮ ಕೈಲಿ ಆಗಲ್ವೇನೋ" ಅಂದರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಶುರು ಮಾಡಿದ ಕೇಂದ್ರ ಅದು, ಆಕಾಶವಾಣಿ ಅನ್ನುವ ಹೆಸರು ಬಂದಿದ್ದೂ ಅಲ್ಲಿಂದ. ಮೈಸೂರಿನ ಯಾವುದೇ ಹಿರಿಯರ ಹತ್ತಿರ ರೇಡಿಯೋ ಬಗ್ಗೆ ಎರಡು ನಿಮಿಷ ಮಾತಾಡಿ, ಈ ವಿಷಯ ಬಂದೇ ಬರುತ್ತದೆ.

ಅಪ್ಪ ಒಂದು ಒಳ್ಳೆ ಕೆಲಸ ಮಾಡಿದ್ದರು. ನಾನು ಹೇಳದೇನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದ್ದರು. ದಿನಾಂಕ, ನಿಂತ ಸಮಯ, ಮತ್ತೆ ಬಂದ ಸಮಯ, ಆಗ ನಡೆಯುತ್ತಿದ್ದ ರಾಗ. "6-42, ಬಿಲಹರಿ, 4 ನಿಮಿಷ. 7-10, ಮೋಹನ, ಅರ್ಧ ನಿಮಿಷ. 8-31, ಗೊತ್ತಾಗಲಿಲ್ಲ, 2 ನಿಮಿಷ." ಮೇಷ್ಟ್ರ ಬುದ್ಧಿ. ಆಗ ನಗು ಬಂತು, ಆದರೆ ಕೊನೆಗೆ ನನ್ನ ಎಲ್ಲ ಸಾಫ್ಟ್‌ವೇರಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಆ ನೋಟ್‌ಬುಕ್ಕೇ.

ಮೊದಲನೇ ವಾರ ನಾನು ಮಾಡಿದ್ದೆಲ್ಲ ದಡ್ಡತನ. ಬೆಂಗಳೂರಲ್ಲಿ ಕೂತೇ ಪ್ಲಾನನ್ನು 50 ಎಂಬಿಪಿಎಸ್‌ನಿಂದ 100ಕ್ಕೆ ಏರಿಸಿದೆ. ಯಾಕೆ ದಡ್ಡತನ ಅಂದರೆ, ಹಾಡಿಗೆ ಅಷ್ಟೆಲ್ಲ ಬೇಕಾಗುವುದೇ ಇಲ್ಲ. ಒಳ್ಳೇ ಗುಣಮಟ್ಟದ ಎಂಪಿ3 ಅಂದರೆ ಸೆಕೆಂಡಿಗೆ 320 ಕಿಲೋಬಿಟ್. ಒಂದು ಎಂಬಿಪಿಎಸ್‌ನ ಮೂರನೇ ಒಂದು ಭಾಗವೂ ಪೂರ್ತಿ ಇಲ್ಲ. ಸಿಡಿಯಲ್ಲಿರುವುದನ್ನು ಏನೂ ಒತ್ತದೆ, ಕುಗ್ಗಿಸದೆ ಹಾಗೇ ಕಳಿಸಿದರೂ 1,411 ಕಿಲೋಬಿಟ್, ಅಂದರೆ ಒಂದೂವರೆ ಎಂಬಿಪಿಎಸ್ ಒಳಗೇ. ಹಾಡಿಗೆ ಬೇಕಿರುವುದು ದಪ್ಪ ಪೈಪಲ್ಲ, ನಿಲ್ಲದೆ ಬರುವ ಸಣ್ಣ ಧಾರೆ. ಐವತ್ತರಲ್ಲಿ ನಿಲ್ಲುವ ಹಾಡು ನೂರರಲ್ಲೂ ನಿಲ್ಲುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು, ಆದರೂ ದುಡ್ಡು ಕೊಟ್ಟೆ. ದೂರದಲ್ಲಿರುವ ಮಕ್ಕಳು ಅಪರಾಧಿ ಭಾವಕ್ಕೆ ಕಟ್ಟುವ ತೆರಿಗೆ ಅಂದುಕೊಳ್ಳಿ.

ಇದರ ಜೊತೆ ಒಂದು ರಿಪೀಟರನ್ನೂ ಆರ್ಡರ್ ಮಾಡಿ, ಶನಿವಾರ ನಾನೇ ಹೋಗಿ ಅಡುಗೆಮನೆ ಬಾಗಿಲ ಪ್ಲಗ್ಗಿಗೆ ಸಿಕ್ಕಿಸಿದೆ. ಈಗ ಒಂದೇ ಹೆಸರಿನ ವೈಫೈ ಮೂರು ಕಡೆಯಿಂದ. ರಿಪೀಟರ್ ಒಂದು ಕಡೆ ಕೇಳಿಸಿಕೊಂಡದ್ದನ್ನು ಇನ್ನೊಂದು ಕಡೆಗೆ ಮತ್ತೆ ಕೂಗಬೇಕು, ಎರಡೂ ಒಂದೇ ಚಾನೆಲ್‌ನಲ್ಲಿ. ಹಾಗಾಗಿ ಗಾಳಿಯಲ್ಲಿ ಜಾಗ ಡಬಲ್ ತಿನ್ನುತ್ತದೆ. ಗೋಡೆ ದಪ್ಪ ಇದ್ದು ಕೇಬಲ್ ಎಳೆಯಲಿಕ್ಕೆ ಆಗದ ಮನೆಗೆ ಬೇರೆ ದಾರಿ ಇಲ್ಲದಿದ್ದರೆ ಸರಿ. ನಮ್ಮಲ್ಲಿ ಕೇಬಲ್ ಆಗಲೇ ಇತ್ತು. ಇದು ಬೇಕಿರಲೇ ಇಲ್ಲ. ಅಪ್ಪನ ನೋಟ್‌ಬುಕ್ಕಿನಲ್ಲಿ ಆ ಭಾನುವಾರ ಎಂಟು ಎಂಟ್ರಿ, ಅದಕ್ಕೂ ಮುಂಚೆ ದಿನಕ್ಕೆ ಐದಾರು ಇರುತ್ತಿತ್ತು. ಕಿತ್ತು ಡಬ್ಬಕ್ಕೆ ಹಾಕಿದೆ.

ಆಮೇಲೆ ಮೈಕ್ರೋವೇವ್ ಮೇಲೆ ಅನುಮಾನ. ಇಂಟರ್ನೆಟ್ಟಿನಲ್ಲಿ ಎಲ್ಲಿ ಓದಿದರೂ ಮೊದಲು ಹೇಳುವುದು ಅದನ್ನೇ. ಸುಳ್ಳಲ್ಲ, ಮನೆಯ ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ಅದು 2.4ರ ವೈಫೈ ಇರುವ ಜಾಗದ ಸರಿಯಾಗಿ ನಟ್ಟನಡುವೆ. ಬ್ಲೂಟೂತ್ ಇರುವುದೂ ಅಲ್ಲೇ. ನಮ್ಮ ಮನೆಯಲ್ಲಿ ಮೈಕ್ರೋವೇವ್ ಇದೆ, ನಾನೇ ಕೊಡಿಸಿದ್ದು, ಅಮ್ಮ ಅದನ್ನು ಹಾಲು ಬಿಸಿ ಮಾಡಲು ಬಿಟ್ಟರೆ ಬೇರೇನಕ್ಕೂ ಮುಟ್ಟುವುದಿಲ್ಲ. ಅಮ್ಮನ ಕೈಲಿ ಅದರೊಳಗೆ ಒಂದು ಲೋಟ ನೀರು ಇಡಿಸಿ ಎರಡು ನಿಮಿಷ ಓಡಿಸಿದೆ. ಈ ಕಡೆ ಪೈನಿಂದ ಪಿಂಗ್ ಹೊಡೆಯುತ್ತ ಕೂತೆ. ಪಿಂಗ್ ಅಂದರೆ ಇನ್ನೊಂದು ಯಂತ್ರಕ್ಕೆ "ಇದ್ದೀಯಾ" ಅಂತ ಕೇಳಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುವುದು. 3 ಮಿಲಿಸೆಕೆಂಡ್ ಇದ್ದದ್ದು 40, 60 ಅಂತ ಏರಿತು, ಆದರೆ ಹಾಡು ಅಲ್ಲಾಡಲಿಲ್ಲ. ಒಲೆ ನಿಂತ ಮೇಲೆ ಮತ್ತೆ 3. "ಈ ನೀರು ಏನ್ ಮಾಡ್ಲಿ" ಅಂದಳು ಅಮ್ಮ. ಅದರಲ್ಲೇ ಕಾಫಿ ಆಯಿತು.

ಅಕ್ಕಪಕ್ಕದವರ ವೈಫೈಯನ್ನೂ ನೋಡಿದೆ. ಹನ್ನೊಂದು ನೆಟ್‌ವರ್ಕ್ ಕಾಣಿಸಿದವು, ಅದರಲ್ಲಿ ಏಳು ಚಾನೆಲ್ 6ರಲ್ಲಿ, ನಮ್ಮದೂ ಅಲ್ಲೇ. 2.4ರಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದಂತೆ ಕೂರುವುದು 1, 6, 11 ಈ ಮೂರೇ. ಹಿಂದಿನ ರೂಟರನ್ನು 11ಕ್ಕೆ ಹಾಕಿದೆ, ಹಾಲಿನದನ್ನು 1ಕ್ಕೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದೊಂದರಿಂದಲೇ ಎಷ್ಟೋ ತೊಂದರೆ ಹೋಗುತ್ತದೆ, ನಿಮ್ಮ ಮನೆಯಲ್ಲಿ ಮಾಡಿಲ್ಲದಿದ್ದರೆ ಮಾಡಿ. ನಮ್ಮಲ್ಲಿ ಪಿಂಗ್ ಇನ್ನೂ ಚೆನ್ನಾಯಿತು. ಹಾಡು ನಿಲ್ಲುವುದು ಹಾಗೇ ಮುಂದುವರಿಯಿತು. ಪೈಯ ವೈಫೈ ಕರೆಂಟು ಉಳಿಸಲು ನಿದ್ದೆ ಹೋಗುವ ಒಂದು ಸೆಟ್ಟಿಂಗ್ ಇದೆ, ಅದನ್ನೂ ಆಫ್ ಮಾಡಿದೆ. ಇಲ್ಲ.

ಎರಡನೇ ವಾರ ಸ್ವಲ್ಪ ಬುದ್ಧಿ ಬಂತು. ಊಹೆ ಸಾಕು, ಎಲ್ಲಿ ತುಂಡಾಗುತ್ತಿದೆ ನೋಡೋಣ ಅಂತ ಕೂತೆ. ಹಾಡು ಬರುವ ದಾರಿಯನ್ನು ಎರಡು ಭಾಗ ಮಾಡಿಕೊಳ್ಳಿ. ಪೈನಿಂದ ಫೈಬರ್ ಡಬ್ಬದವರೆಗೆ ಒಂದು, ಅದು ನಮ್ಮ ಮನೆ. ಡಬ್ಬದಿಂದ ಆಚೆಗೆ ಇನ್ನೊಂದು, ಅದು ಕಂಪನಿಯವರದು. ಪೈನಲ್ಲಿ ಎರಡು ಪಿಂಗ್ ಒಟ್ಟಿಗೆ ಓಡಲು ಬಿಟ್ಟೆ. ಒಂದು 192.168.1.1ಕ್ಕೆ, ಅಂದರೆ ಮನೆಯ ಡಬ್ಬಕ್ಕೆ. ಇನ್ನೊಂದು 8.8.8.8ಕ್ಕೆ, ಅಂದರೆ ಹೊರಗಿನ ಪ್ರಪಂಚಕ್ಕೆ. ಸೆಕೆಂಡಿಗೆ ಒಂದೊಂದು, ಪ್ರತಿಯೊಂದಕ್ಕೂ ಸಮಯದ ಸಮೇತ ಫೈಲಿಗೆ ಬರೆಯುವ ಹಾಗೆ. ಸೋಮವಾರದಿಂದ ಶುಕ್ರವಾರದವರೆಗೆ ಓಡಿತು.

ಶುಕ್ರವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿ ನೋಟ್‌ಬುಕ್ ಓದಿಸಿದೆ. ಅಪ್ಪ ಓದುತ್ತ ಹೋದರು, ನಾನು ಫೈಲ್ ನೋಡುತ್ತ ಹೋದೆ. ಮಂಗಳವಾರ 7-18, ಕಲ್ಯಾಣಿ. ಹೊರಗಿನ ಪಿಂಗ್ 7-17ರಿಂದಲೇ ಸತ್ತಿದೆ. ಒಳಗಿನದು ಜೀವಂತ, 2 ಮಿಲಿಸೆಕೆಂಡ್. ಬುಧವಾರ 6-55, ಹಾಗೇ. ಒಂದೂ ತಪ್ಪಲಿಲ್ಲ. ಅಪ್ಪನಿಗೆ ಹಾಡು ನಿಂತದ್ದು ಗೊತ್ತಾಗುವುದು ಫೈಲಿಗಿಂತ ಇಪ್ಪತ್ತು ಸೆಕೆಂಡ್ ತಡವಾಗಿ ಇರುತ್ತಿತ್ತು, ಅದು ಬಫರ್. ಲೈವ್ ರೇಡಿಯೋವನ್ನು ಸಾಮಾನ್ಯವಾಗಿ ಕೆಲವು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಎರಡು ಮೂರು ತುಂಡು ಕೈಯಲ್ಲಿ ಇಟ್ಟುಕೊಂಡೇ ಹಾಡಲು ಶುರು ಮಾಡುವುದು. ಒಂದೊಂದೂ 6 ಸೆಕೆಂಡಿನದಾದರೆ 18 ಸೆಕೆಂಡಿನ ಬುತ್ತಿ. ಲೈನ್ ಹೋದ ಮೇಲೂ ಬುತ್ತಿ ಮುಗಿಯುವವರೆಗೆ ಹಾಡು ಬರುತ್ತಿರುತ್ತದೆ.

ನಾನು ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದ ಇನ್ನೊಂದು ಪ್ರಶ್ನೆಗೂ ಇದೇ ಉತ್ತರ. ಮನೆಯಲ್ಲಿ ರೇಡಿಯೋ ಒಂದೇ ಯಾಕೆ ನಿಲ್ಲುತ್ತದೆ? ಅಮ್ಮನ ಧಾರಾವಾಹಿ ಯಾಕೆ ನಿಲ್ಲುವುದಿಲ್ಲ? ಯಾಕೆಂದರೆ ಧಾರಾವಾಹಿ ಆಗಲೇ ತಯಾರಾಗಿ ಕೂತಿದೆ, ಟಿವಿ ಒಂದೆರಡು ನಿಮಿಷದಷ್ಟು ಮುಂದಕ್ಕೆ ಎಳೆದು ಇಟ್ಟುಕೊಳ್ಳುತ್ತದೆ. ಹಾಡಿನ ಆ್ಯಪ್‌ಗಳಂತೂ ಲೈನ್ ಚೆನ್ನಾಗಿದ್ದರೆ ಇಡೀ ಹಾಡನ್ನೇ ಮೊದಲ ಕೆಲವು ಸೆಕೆಂಡಿನಲ್ಲಿ ಇಳಿಸಿಕೊಂಡುಬಿಡುತ್ತವೆ. ಅಲ್ಲಿ ತೊಂದರೆ ಆದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಾಗ ಮಾತ್ರ ಗೊತ್ತಾಗುತ್ತದೆ. ಲೈವ್ ರೇಡಿಯೋದಲ್ಲಿ ಮುಂದಕ್ಕೆ ಎಳೆದಿಡಲು ಏನಿದೆ? ವಿದ್ವಾಂಸರು ಇನ್ನೂ ಹಾಡೇ ಇಲ್ಲ. ಇನ್ನು ಫೋನುಗಳು, ಅವು ಕಳ್ಳ ನನ್ಮಕ್ಕಳು. ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಅನ್ನಿಸಿದರೆ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತವೆ. ಅಪ್ಪ ಅಮ್ಮ ಇಬ್ಬರ ಫೋನಿನಲ್ಲೂ ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿಯಾಗುತ್ತಿತ್ತಂತೆ. ಅದನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸರಿ, ಎರಡು ಪಿಂಗ್‌ನ ಲೆಕ್ಕಕ್ಕೆ ಬರೋಣ. ಮನೆಯೊಳಗಿನದು ಗಟ್ಟಿ, ಹೊರಗಿನದು ಸಾಯುತ್ತಿದೆ. ಯಾವ ಪುಸ್ತಕ ತೆಗೆದು ನೋಡಿದರೂ ಇದರ ಅರ್ಥ ಒಂದೇ, ವೈಫೈ ಚೆನ್ನಾಗಿದೆ, ಕಂಪನಿಯವರ ಲೈನ್ ಸರಿ ಇಲ್ಲ. ನಾನು ಎದೆಯುಬ್ಬಿಸಿಕೊಂಡು ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಅವರು ಆ ಕಡೆಯಿಂದಲೇ ನೋಡಿ "ಸರ್, ಫೈಬರ್ ಸಿಗ್ನಲ್ ಮೈನಸ್ 19 ಇದೆ, ತುಂಬಾ ಚೆನ್ನಾಗಿದೆ" ಅಂದರು. ನಿಜ, ಅದು ಚೆನ್ನಾಗಿಯೇ ಇದೆ, ಮೈನಸ್ 27 ದಾಟಿದರೆ ಮಾತ್ರ ಯೋಚನೆ. ನಾನು ಒಪ್ಪಲಿಲ್ಲ. ಐದು ದಿನದ ಫೈಲ್ ಇದೆ ನನ್ನ ಹತ್ತಿರ ಅಂದೆ. ಇನ್ನೊಮ್ಮೆ ಫೋನು, ಮತ್ತೊಮ್ಮೆ ಫೋನು, ಸ್ವಲ್ಪ ಗಂಟಲೂ ಏರಿತು. ಕೊನೆಗೆ ಶನಿವಾರ ಬೆಳಗ್ಗೆ ಒಬ್ಬ ಹುಡುಗನನ್ನು ಕಳಿಸಿದರು.

ಒಳ್ಳೇ ಹುಡುಗ. ಲ್ಯಾಪ್‌ಟಾಪ್ ತಂದಿದ್ದ. ಫೈಬರ್ ಡಬ್ಬದ ಹಿಂದೆ ಎರಡೇ ಲ್ಯಾನ್ ತೂತು, ಒಂದರಲ್ಲಿ ಟಿವಿ ಬಾಕ್ಸು, ಇನ್ನೊಂದರಲ್ಲಿ ಅಪ್ಪನ ಕೋಣೆಗೆ ಹೋಗುವ ಕೇಬಲ್ಲು. ಅಮ್ಮ ಟಿವಿ ನೋಡುತ್ತಿದ್ದುದರಿಂದ ಅವನು ಅಪ್ಪನ ಕೇಬಲ್ ಕಿತ್ತು ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿದ. ಮುಕ್ಕಾಲು ಗಂಟೆ ಪಿಂಗ್ ಓಡಿಸಿದ. ಒಂದೂ ಬೀಳಲಿಲ್ಲ. ಅಮ್ಮ ಕೊಟ್ಟ ಉಪ್ಪಿಟ್ಟು ತಿಂದು, "ನೋಡಿ ಸರ್, ನಮ್ಮ ಕಡೆ ಏನೂ ಇಲ್ಲ" ಅಂತ ಹೇಳಿ, ಕೇಬಲ್ಲನ್ನು ವಾಪಸ್ ಸಿಕ್ಕಿಸಿ ಹೋದ. ಅವನು ಗೇಟು ದಾಟಿದ ಹತ್ತು ನಿಮಿಷಕ್ಕೆ ರೇಡಿಯೋ ನಿಂತಿತು. ನಾನು ಅವನನ್ನು ಮನಸ್ಸಿನಲ್ಲೇ ಬೈದೆ. ಈಗ ಯೋಚಿಸಿದರೆ ನಾಚಿಕೆ ಆಗುತ್ತದೆ, ಯಾಕೆಂದರೆ ಉತ್ತರ ಅವನ ಕೈಯಲ್ಲೇ ಇತ್ತು, ನನ್ನ ಕಣ್ಣೆದುರೇ ಇತ್ತು. ಅವನು ಕಿತ್ತ ಕೇಬಲ್ಲಿನ ಆ ತುದಿಯಲ್ಲಿ ಏನಿದೆ ಅಂತ ನಾನು ಯೋಚಿಸಲಿಲ್ಲ.

ಮೂರನೇ ವಾರ. ಭಾನುವಾರ ಬೆಳಗ್ಗೆ ಅಪ್ಪನ ಕೋಣೆಯಲ್ಲೇ ಚಾಪೆ ಹಾಸಿಕೊಂಡು ಕೂತಿದ್ದೆ. ಅಮ್ಮ ಕಾಫಿ ತಂದಳು. ಏನೋ ಮಾತಿಗೆ, "ಹೊಸ ಡಬ್ಬ ಹಾಕಿದಾಗಿಂದ ಹೀಗೆ, ಹಳೇದೇ ಚೆನ್ನಾಗಿತ್ತು" ಅಂದಳು.

"ಯಾವ ಹೊಸ ಡಬ್ಬ?"

"ಹಾಲ್‌ನಲ್ಲಿರೋದು. ಮೊನ್ನೆ ಮಳೇಲಿ ಕರೆಂಟ್ ಹೋಗಿ ಬಂದು ಹಳೇದು ಸುಟ್ಟೋಯ್ತಲ್ಲ, ಅವರು ಬಂದು ಬೇರೆ ಹಾಕಿದ್ರು. ನಿಂಗೆ ಫೋನಲ್ಲಿ ಹೇಳಿದ್ನಲ್ಲ, ಹೂಂ ಅಂದೆ. ಏನ್ ಹೇಳಿದ್ರೂ ಹೂಂ ಅಂತೀಯ."

ಹೇಳಿದ್ದಳು. ನಾನು ಹೂಂ ಅಂದಿದ್ದೆ. ಹಾಲಿಗೆ ಹೋಗಿ ನೋಡಿದೆ. ಕಪ್ಪು ಬಣ್ಣ, ಎರಡು ಆಂಟೆನಾ, ಹಳೇದೂ ಕಪ್ಪೇ, ಹೀಗಾಗಿ ಮೂರು ವಾರದಿಂದ ಅದರ ಮುಂದೆ ಓಡಾಡಿದರೂ ಗೊತ್ತಾಗಿರಲಿಲ್ಲ. ಬಂದವರು ಅಪ್ಪನನ್ನು ಕೇಳಿ ಹಳೇ ವೈಫೈ ಹೆಸರು, ಪಾಸ್‌ವರ್ಡನ್ನೇ ಹಾಕಿಕೊಟ್ಟಿದ್ದರು, ಆದ್ದರಿಂದ ಮನೆಯ ಯಾವ ಸಾಮಾನಿಗೂ ವ್ಯತ್ಯಾಸ ತಿಳಿಯಲಿಲ್ಲ. ಅವರದ್ದೇನೂ ತಪ್ಪಿಲ್ಲ, ಇಷ್ಟು ಅಚ್ಚುಕಟ್ಟಾಗಿ ಯಾರು ಮಾಡಿಕೊಡುತ್ತಾರೆ? ನೋಟ್‌ಬುಕ್ಕಿನ ಮೊದಲನೇ ಎಂಟ್ರಿ ನೋಡಿದೆ. ಡಬ್ಬ ಬದಲಾದ ಮಾರನೇ ದಿನ.

ಹಳೇ ಡಬ್ಬದ ಅಡ್ರೆಸ್ ನನಗೆ ನೆನಪಿತ್ತು, 192.168.100.1. ಹೊಸದರದ್ದು 192.168.1.1. ಅಷ್ಟು ಹೊತ್ತಿಗೆ ಬೆನ್ನಲ್ಲಿ ಸಣ್ಣಗೆ ಚಳಿ ಶುರುವಾಗಿತ್ತು. ಪೈಗೆ ಹೋಗಿ ಎಆರ್‌ಪಿ ಪಟ್ಟಿ ತೆಗೆದೆ. ಯಾವ ಐಪಿ ಅಡ್ರೆಸ್ಸಿನ ಹಿಂದೆ ನಿಜವಾಗಿ ಯಾವ ಯಂತ್ರ ಇದೆ ಅಂತ ತೋರಿಸುವ ಪಟ್ಟಿ ಅದು. ಪ್ರತಿ ಯಂತ್ರಕ್ಕೂ ಹುಟ್ಟಿದಾಗಿನಿಂದ ಒಂದು ಮ್ಯಾಕ್ ನಂಬರ್ ಇರುತ್ತದೆ, ಐಪಿ ಬದಲಾದರೂ ಅದು ಸಾಮಾನ್ಯವಾಗಿ ಬದಲಾಗುವುದಿಲ್ಲ. 192.168.1.1ರ ಎದುರಿಗಿದ್ದ ಮ್ಯಾಕ್ ಕೊನೆಗೆ 24 ಅಂತಿತ್ತು. ಹಾಡು ಚೆನ್ನಾಗಿ ಬರುತ್ತಿತ್ತು. ಐದು ಸೆಕೆಂಡಿಗೊಮ್ಮೆ ತಾನಾಗಿಯೇ ತೋರಿಸುವ ಹಾಗೆ ಬಿಟ್ಟು, ಕಾಫಿ ಕುಡಿಯುತ್ತ ನೋಡುತ್ತ ಕೂತೆ. 24. 24. 24. ಆರೇಳು ನಿಮಿಷ ಆದ ಮೇಲೆ 71. ನಾನು ಅಪ್ಪನ ಕಡೆ ನೋಡಿ "ಇನ್ನು ಇಪ್ಪತ್ತು ಸೆಕೆಂಡಿಗೆ ನಿಲ್ಲುತ್ತೆ ನೋಡಿ" ಅಂದೆ. ನಿಂತಿತು. ಅಪ್ಪ ನನ್ನನ್ನು ಅಷ್ಟು ಮೆಚ್ಚುಗೆಯಿಂದ ನೋಡಿ ಎಷ್ಟೋ ವರ್ಷ ಆಗಿತ್ತು.

ಕಪಾಟಿನ ಮೇಲಿದ್ದ ನನ್ನ ಹಳೇ ರೂಟರನ್ನು ತಿರುಗಿಸಿ ಹೊಟ್ಟೆ ಕೆಳಗಿನ ಸ್ಟಿಕ್ಕರ್ ನೋಡಿದೆ. ಮ್ಯಾಕ್ ಕೊನೆಗೆ 71. ಅಡ್ರೆಸ್ 192.168.1.1.

ಆಗಿದ್ದಿಷ್ಟು. ನಾಲ್ಕು ವರ್ಷದ ಹಿಂದೆ ನಾನು ಅದರ ಡಿಎಚ್‌ಸಿಪಿ ಆಫ್ ಮಾಡಿದ್ದೆ, ಸರಿ. ಆದರೆ ಅದರ ಸ್ವಂತ ಅಡ್ರೆಸ್ ಬದಲಿಸಿರಲಿಲ್ಲ. ಅಂಗಡಿಯಿಂದ ಬಂದಾಗ ಇದ್ದ 192.168.1.1 ಹಾಗೇ ಬಿಟ್ಟಿದ್ದೆ. ಆಗ ಮನೆಯ ನೆಟ್‌ವರ್ಕ್ 192.168.100 ಅನ್ನುವ ಬೇರೆ ಬೀದಿಯಲ್ಲಿದ್ದುದರಿಂದ ಈ ಅಡ್ರೆಸ್ಸನ್ನು ಯಾರೂ ಕೇಳುತ್ತಿರಲಿಲ್ಲ, ಯಾರಿಗೂ ತೊಂದರೆ ಇರಲಿಲ್ಲ. ಹೊಸ ಡಬ್ಬ ಬಂದು ಅದೇ ಬೀದಿಗೆ, ಅದೇ ನಂಬರಿಗೆ ಮನೆ ಮಾಡಿತು. ಈಗ ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ. ನಮ್ಮೂರುಗಳಲ್ಲಿ ಹಳೇ ನಂಬರು ಹೊಸ ನಂಬರು ಅಂತ ಕೊರಿಯರ್ ಹುಡುಗರು ಒದ್ದಾಡುವುದು ನೋಡಿದ್ದೀರಲ್ಲ, ಅದೇ ಕಥೆ.

ಪೈ ಏನು ಮಾಡುತ್ತದೆ ಅಂದರೆ, ಹೊರಗೆ ಹೋಗಬೇಕಾದಾಗ "192.168.1.1 ಯಾರು?" ಅಂತ ಮನೆಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಇಬ್ಬರೂ ಓ ಅನ್ನುತ್ತಾರೆ. ಹಾಲಿನ ಡಬ್ಬದ ಉತ್ತರ ಮನಸ್ಸಿನಲ್ಲಿ ಕೂತರೆ ಹಾಡು ಬರುತ್ತದೆ. ಕಪಾಟಿನ ರೂಟರಿನದು ಕೂತರೆ ಎಲ್ಲ ಅದಕ್ಕೆ ಹೋಗುತ್ತದೆ, ಅದಕ್ಕೆ ಹೊರಗೆ ಹೋಗುವ ದಾರಿಯೇ ಇಲ್ಲ, ಬಂದದ್ದನ್ನೆಲ್ಲ ಬಿಸಾಕುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಹಾಲಿನ ಡಬ್ಬ ಏನೋ ಕೆಲಸಕ್ಕೆ ಪೈಯನ್ನು ಮಾತಾಡಿಸಿದಾಗ ಪಟ್ಟಿ ಮತ್ತೆ ತಿದ್ದಿಕೊಳ್ಳುತ್ತದೆ, ಹಾಡು ಬರುತ್ತದೆ. ಅದಕ್ಕೇ ಒಮ್ಮೆ ಅರ್ಧ ನಿಮಿಷ, ಒಮ್ಮೆ ನಾಲ್ಕು ನಿಮಿಷ, ತಾಳ ಇಲ್ಲ ಲಯ ಇಲ್ಲ.

ನನಗೆ ಹೊಟ್ಟೆ ಉರಿದಿದ್ದು ಪಿಂಗ್ ವಿಷಯಕ್ಕೆ. ಐದು ದಿನ 2 ಮಿಲಿಸೆಕೆಂಡಿನಲ್ಲಿ ಠಣ್ ಅಂತ ಉತ್ತರ ಕೊಡುತ್ತಿದ್ದುದನ್ನು ನೋಡಿ ಮನೆಯೊಳಗೆ ಎಲ್ಲ ಸರಿ ಇದೆ ಅಂದುಕೊಂಡೆನಲ್ಲ, ರೇಡಿಯೋ ನಿಂತಾಗೆಲ್ಲ ಆ ಉತ್ತರ ಕೊಡುತ್ತಿದ್ದವನು ಕಳ್ಳನೇ. ಬಾಗಿಲು ತಟ್ಟಿದೆ, ಒಳಗಿನಿಂದ "ಇದ್ದೀನಿ" ಅಂತ ದನಿ ಬಂತು, ಯಾರು ಇದ್ದೀರಿ ಅಂತ ಕೇಳಲಿಲ್ಲ. ಮುಕ್ಕಾಲು ಗಂಟೆ ಕೂತು ಉಪ್ಪಿಟ್ಟು ತಿಂದ ಹುಡುಗನಿಗೂ ತೊಂದರೆ ಸಿಗದಿದ್ದದ್ದು ಅದಕ್ಕೇ. ಅವನು ಕೇಬಲ್ ಕಿತ್ತಾಗ ಕಳ್ಳ ಮನೆಯಲ್ಲೇ ಇರಲಿಲ್ಲ.

ಇನ್ನೊಂದು ಮಜಾ. ಅಪ್ಪ ಮೊದಲಿಂದ "ಬೆಳಗ್ಗೆ ಮಾತ್ರ ಹೀಗಾಗುತ್ತೆ" ಅಂತ ಹೇಳುತ್ತಿದ್ದರು. ನಾನು ಅದನ್ನು ಹಿಡಿದುಕೊಂಡು ಬೆಳಗ್ಗೆ ಮಾತ್ರ ಏನು ನಡೆಯುತ್ತದೆ ಅಂತ ಗೀಸರು, ನೀರಿನ ಮೋಟರು, ಪಕ್ಕದ ಮನೆಯವರ ಮಿಕ್ಸಿ ಎಲ್ಲದರ ಮೇಲೂ ಅನುಮಾನ ಪಟ್ಟಿದ್ದೆ. ಪಿಂಗ್ ಫೈಲನ್ನು ಈಗ ಪೂರ್ತಿ ನೋಡಿದರೆ ಮಧ್ಯಾಹ್ನ, ರಾತ್ರಿ ಎರಡು ಗಂಟೆ, ಯಾವಾಗ ಬೇಕೋ ಆವಾಗ ನಿಂತಿದೆ. ಬೆಳಗ್ಗೆ ಮಾತ್ರ ಯಾಕೆ ಅಂದರೆ ಅಪ್ಪ ರೇಡಿಯೋ ಕೇಳುವುದು ಬೆಳಗ್ಗೆ ಮಾತ್ರ.

ರಿಪೇರಿಗೆ ಹಿಡಿದದ್ದು ಮೂರು ನಿಮಿಷ. ಲ್ಯಾಪ್‌ಟಾಪನ್ನು ಹಳೇ ರೂಟರಿಗೆ ಒಂದಕ್ಕೇ ಕೇಬಲ್‌ನಲ್ಲಿ ಜೋಡಿಸಿ, ಹಾಲಿನ ಕಡೆಯ ಕೇಬಲ್ ಕಿತ್ತಿಟ್ಟು, ಅದರ ಪುಟಕ್ಕೆ ಹೋಗಿ ಲ್ಯಾನ್ ಅಡ್ರೆಸ್ಸನ್ನು 192.168.1.2 ಮಾಡಿದೆ. ಹೀಗೆ ಬೇರೆ ಮಾಡಿಕೊಳ್ಳದೆ ಹೋದರೆ ನೀವು ಯಾವ ಡಬ್ಬದ ಪುಟ ತೆರೆದಿದ್ದೀರಿ ಅಂತಲೇ ಗೊತ್ತಾಗುವುದಿಲ್ಲ. ಡಿಎಚ್‌ಸಿಪಿ ಆಫ್ ಆಗಿದ್ದರಿಂದ ಲ್ಯಾಪ್‌ಟಾಪಿಗೂ ಕೈಯಾರೆ ಒಂದು ಅಡ್ರೆಸ್ ಕೊಡಬೇಕಾಯಿತು, 192.168.1.50 ಕೊಟ್ಟೆ. ಆಮೇಲೆ ಹಾಲಿನ ಡಬ್ಬಕ್ಕೆ ಹೋಗಿ, ಅದು ಬೇರೆಯವರಿಗೆ ಹಂಚುವ ಅಡ್ರೆಸ್ಸುಗಳು 100ರಿಂದ ಶುರುವಾಗುವ ಹಾಗೆ ಮಾಡಿದೆ, ಇಲ್ಲದಿದ್ದರೆ ನಾಳೆ ಅದು .2ನ್ನು ಯಾವುದೋ ಫೋನಿಗೆ ಕೊಟ್ಟು ಮತ್ತೆ ಇದೇ ರಾಮಾಯಣ. ಎರಡೂ ಡಬ್ಬದ ಮೇಲೆ ಬ್ಯಾಂಡ್ ಏಡ್ ಅಂಟಿಸಿ ಪೆನ್ನಿನಲ್ಲಿ 1 ಮತ್ತು 2 ಅಂತ ಬರೆದೆ. ಅಪ್ಪ ತಮ್ಮ ನೋಟ್‌ಬುಕ್ಕಿನ ಹಿಂದಿನ ರಟ್ಟಿನಲ್ಲಿ ಅದನ್ನೂ ಬರೆದುಕೊಂಡರು, ತಾರೀಖು ಸಮೇತ.

ನಿಮ್ಮ ಮನೆಯಲ್ಲೂ ಹಾಡು ನಿಂತು ನಿಂತು ಬರುತ್ತಿದ್ದರೆ ನಮ್ಮ ಮನೆಯ ಕಾರಣವೇ ಇರಬೇಕು ಅಂತೇನಿಲ್ಲ. ಬಹಳ ಮನೆಗಳಲ್ಲಿ ಕಾರಣ ಸಾದಾ, ಸಿಗ್ನಲ್ ಸಾಲದು ಅಥವಾ ಚಾನೆಲ್‌ನಲ್ಲಿ ಗಲಾಟೆ. 5 ಗಿಗಾಹರ್ಟ್ಸ್ ಹಿಡಿಯುವ ಸ್ಪೀಕರ್ ಆದರೆ, ರೂಟರ್ ಅದೇ ಕೋಣೆಯಲ್ಲಿದ್ದರೆ ಅದಕ್ಕೆ ಹಾಕಿ, ಗಲಾಟೆ ಬಹಳ ಕಡಿಮೆ. ಸ್ಪೀಕರ್ ಫೋನಿಗೆ ಕಾಣಿಸುವುದೇ ಇಲ್ಲ ಅಂದರೆ ಅದು ಬೇರೆ ಕಾಯಿಲೆ, ಫೋನ್ ಒಂದು ನೆಟ್‌ವರ್ಕಿನಲ್ಲಿ ಸ್ಪೀಕರ್ ಇನ್ನೊಂದರಲ್ಲಿ ಇರುತ್ತದೆ, ಗೆಸ್ಟ್ ವೈಫೈಯಲ್ಲಿ ಸಿಕ್ಕಿಕೊಂಡಿರುವುದೂ ಉಂಟು. ಪೈ 4ರಂಥ ಹೊಸ ಪೈಗೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಹಾಕಿ ಹಾಡು ಇಟ್ಟಿದ್ದರೆ ಅದನ್ನು ಆಂಟೆನಾದಿಂದ ಸ್ವಲ್ಪ ದೂರ ಸರಿಸಿ, ಯುಎಸ್‌ಬಿ 3 ಕೇಬಲ್‌ಗಳು 2.4ರಲ್ಲಿ ಗೊರಗೊರ ಅನ್ನುತ್ತವೆ. ಆದರೆ ಮನೆಯಲ್ಲಿ ಎರಡು ರೂಟರ್ ಇದ್ದರೆ, ಅದರಲ್ಲಿ ಒಂದು ನೀವೇ ಯಾವುದೋ ಹಬ್ಬಕ್ಕೆ ಬಂದಾಗ ಹಾಕಿಹೋದದ್ದಾಗಿದ್ದರೆ, ಮೊದಲು ಅದರ ಹೊಟ್ಟೆ ಕೆಳಗಿನ ಸ್ಟಿಕ್ಕರ್ ನೋಡಿ. ಅದಕ್ಕೂ ಮೊದಲು, ಇತ್ತೀಚೆಗೆ ಮನೆಯಲ್ಲಿ ಏನಾದರೂ ಬದಲಾಗಿದೆಯಾ ಅಂತ ಅಮ್ಮನನ್ನು ಕೇಳಿ.

ಸೋಮವಾರ ಕಸ್ಟಮರ್ ಕೇರಿನಿಂದ ಫೋನ್ ಬಂತು, ದೂರು ಕ್ಲೋಸ್ ಮಾಡಬಹುದಾ ಅಂತ. ಮಾಡಿ ಅಂದೆ. ಏನಾಗಿತ್ತು ಸರ್ ಅಂದರು. ಮನೆಯ ವೈರಿಂಗ್‌ನಲ್ಲಿ ಸಣ್ಣ ತೊಂದರೆ ಇತ್ತು ಅಂದೆ. ಪ್ಲಾನನ್ನು ವಾಪಸ್ 50ಕ್ಕೆ ಇಳಿಸಬೇಕಾದರೆ ಈ ತಿಂಗಳು ಮುಗಿಯಬೇಕಂತೆ. ರಿಪೀಟರ್ ಡಬ್ಬದಲ್ಲೇ ಇದೆ, ವಾಪಸ್ ಮಾಡುವ ಹತ್ತು ದಿನ ದಾಟಿಹೋಯಿತು. ಅಪ್ಪನ ನೋಟ್‌ಬುಕ್ಕಿನಲ್ಲಿ ಎರಡು ವಾರದಿಂದ ಒಂದೇ ಎಂಟ್ರಿ. ಗುರುವಾರ 7-05ರಿಂದ 7-50. ರಾಗದ ಜಾಗದಲ್ಲಿ "ಕರೆಂಟ್ ಇರಲಿಲ್ಲ" ಅಂತ ಬರೆದಿದ್ದಾರೆ.